ತಿಂಗಳ ಮಾತ್ರೆ ಬಿಲ್ ಇಳಿಸುವುದು ಹೇಗೆ? ಶಿವಮೊಗ್ಗ ಕಡೆಯವರಿಗೆ ಜನೌಷಧಿ, ಪಾಯಿಂಟ್ಸ್, ಕೂಪನ್‌ಗಳ ಲೆಕ್ಕ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಸುತ್ತು ಹಾಕಿ ನೋಡಿ. ಒಂದು ಮೆಡಿಕಲ್ ಶಾಪ್‌ನವರು ಶೇ 10 ಬಿಡುತ್ತಾರೆ, ಇನ್ನೊಬ್ಬರು ಶೇ 15, ಚೈನ್ ಅಂಗಡಿಯವರು ಶೇ 20. ಮೊಬೈಲ್ ತೆಗೆದರೆ ಆ್ಯಪ್‌ನವರು ಎಲ್ಲರಿಗಿಂತ ಒಂದು ಕೈ ಮೇಲೆ. ಇಷ್ಟೆಲ್ಲ ಬಿಟ್ಟ ಮೇಲೂ ತಿಂಗಳ ಬಿಲ್ ಮಾತ್ರ ಇದ್ದಲ್ಲೇ ಇರುತ್ತದೆ, ಅಲ್ವಾ?

ಈ ಡಿಸ್ಕೌಂಟ್‌ಗಳೆಲ್ಲ ಎಂಆರ್‌ಪಿ ಮೇಲಿನ ಲೆಕ್ಕ. ಒಂದೇ ಔಷಧಿಗೆ ಒಂದೊಂದು ಕಂಪನಿಯ ಎಂಆರ್‌ಪಿ ಒಂದೊಂದು ಥರ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: 10 ಮಾತ್ರೆಯ ಸ್ಟ್ರಿಪ್‌ಗೆ 120 ರೂಪಾಯಿ. ಶೇ 20 ಬಿಟ್ಟರೆ 96 ಆಯಿತು. ಅದೇ ಔಷಧಿ, ಅದೇ ಪ್ರಮಾಣ, ಬೇರೆ ಹೆಸರಿನಲ್ಲಿ 30 ರೂಪಾಯಿಗೆ ಸಿಗುವಂತಿದ್ದರೆ? ಒಂದು ಪೈಸೆ ಬಿಡದಿದ್ದರೂ ಅದರಲ್ಲೇ ಹೆಚ್ಚು ಲಾಭ. ಹಾಗಾಗಿ ಕೂಪನ್ ಹುಡುಕುವುದು ಕೊನೆಯ ಕೆಲಸ. ಮೊದಲು ಔಷಧಿ, ಆಮೇಲೆ ಅಂಗಡಿ, ಅದಾದ ಮೇಲೆ ಕೂಪನ್.

ಬಿಪಿ, ಶುಗರ್, ಕೊಲೆಸ್ಟ್ರಾಲ್ ಅಂತ ತಿಂಗಳು ತಿಂಗಳೂ ಮಾತ್ರೆ ತರುವ ಮನೆಗಳಿಗೆ ಇದು ಹೆಚ್ಚು ಉಪಯೋಗ. ವರ್ಷಕ್ಕೊಮ್ಮೆ ಜ್ವರಕ್ಕೆ ನಾಲ್ಕು ಮಾತ್ರೆ ನುಂಗುವವರು ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಹೆಜ್ಜೆ 1: ಮನೆಯ ಮಾತ್ರೆಗಳ ಪಟ್ಟಿ ಮಾಡಿ

ಮನೆಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕಂಪನಿ ಇಟ್ಟ ಹೆಸರು ಬೇಡ, ಒಳಗಿರುವ ಔಷಧಿಯ ಹೆಸರು ಬರೆಯಿರಿ. ಮೆಡಿಕಲ್‌ನವರು ಇದನ್ನು ‘ಸಾಲ್ಟ್’ ಅನ್ನುತ್ತಾರೆ. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ಅಟೋರ್ವಾಸ್ಟಾಟಿನ್, ಇಂಥವು. ಈ ಹೆಸರನ್ನು ಬ್ರ್ಯಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕು ಎಂಬ ನಿಯಮ 2018ರಿಂದ ಇದೆ. ಕೆಲವು ಕಾಂಬಿನೇಷನ್ ಮಾತ್ರೆಗಳಿಗೆ ವಿನಾಯಿತಿ ಉಂಟು. ಅಕ್ಷರ ಕಾಣದಿದ್ದರೆ ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಮನೆಯ ಅಜ್ಜಂದಿರಿಗೆ ಈ ಉಪಾಯ ಹೇಳಿಕೊಡಿ, ಬೇರೆ ಕಡೆಯೂ ಉಪಯೋಗಕ್ಕೆ ಬರುತ್ತದೆ.

ಹೆಸರಿನ ಪಕ್ಕದಲ್ಲಿ ಎಷ್ಟು ಮಿಲಿಗ್ರಾಂ ಎಂದು ಬರೆಯಿರಿ. ಅದರ ಮುಂದೆ ಎಸ್‌ಆರ್, ಎಕ್ಸ್‌ಆರ್, ಇಆರ್ ಅಂತ ಏನಾದರೂ ಇದ್ದರೆ ಅದನ್ನೂ ಬಿಡಬೇಡಿ. ಇವು ಹೊಟ್ಟೆಯೊಳಗೆ ನಿಧಾನವಾಗಿ ಕರಗುವ ಮಾತ್ರೆಗಳು. ಮೆಟ್‌ಫಾರ್ಮಿನ್ 500 ಬೇರೆ, ಮೆಟ್‌ಫಾರ್ಮಿನ್ 500 ಎಸ್‌ಆರ್ ಬೇರೆ. ಕಡಿಮೆ ರೇಟು ಅಂತ ಒಂದರ ಬದಲು ಇನ್ನೊಂದು ತರಬಾರದು. ನಿಧಾನ ಕರಗುವ ಮಾತ್ರೆಯನ್ನು ಅರ್ಧ ಮಾಡಿ ನುಂಗುವುದು ಅಥವಾ ಪುಡಿ ಮಾಡುವುದು ಕೂಡ ಡಾಕ್ಟರನ್ನು ಕೇಳದೆ ಬೇಡ.

ಕೊನೆಗೆ ಒಂದು ಮಾತ್ರೆಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ. ಸ್ಟ್ರಿಪ್ ರೇಟು ನೋಡಿ ಹೋಲಿಸಿದರೆ ಮೋಸ ಹೋಗುತ್ತೀರಿ. ಒಂದು ಕಂಪನಿಯ ಸ್ಟ್ರಿಪ್‌ನಲ್ಲಿ 10 ಮಾತ್ರೆ, ಇನ್ನೊಂದರಲ್ಲಿ 15, ಮತ್ತೊಂದರಲ್ಲಿ 30 ಇರುತ್ತವೆ. ಈ ‘ಒಂದು ಮಾತ್ರೆಯ ರೇಟು’ ಕೈಯಲ್ಲಿದ್ದರೆ ಮುಂದಿನ ಕೆಲಸವೆಲ್ಲ ಸಲೀಸು.

ಹೆಜ್ಜೆ 2: ಪುಕ್ಕಟೆ ಸಿಗುವುದನ್ನು ಮೊದಲು ಕೇಳಿ

ಇದನ್ನು ಹೇಳಿದರೆ ಕೆಲವರಿಗೆ ಮುಜುಗರ. ‘ಸರ್ಕಾರಿ ಮಾತ್ರೆ ನಮಗ್ಯಾಕೆ’ ಅನ್ನುತ್ತಾರೆ. ಶುಗರ್, ಬಿಪಿಯ ಸಾಮಾನ್ಯ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತವೆ. ಶಿವಮೊಗ್ಗದಲ್ಲಿ ಸರ್ಕಾರಿ ಮೆಗ್ಗಾನ್ ಆಸ್ಪತ್ರೆ ಇದೆ. ಹಳ್ಳಿಗಳಲ್ಲಿ ‘ಗೃಹ ಆರೋಗ್ಯ’ ಯೋಜನೆಯಡಿ ಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಆಶಾ ಕಾರ್ಯಕರ್ತೆ ಮನೆ ಕಡೆ ಬಂದಾಗ ನಿಮ್ಮ ಪಟ್ಟಿ ತೋರಿಸಿ, ಇದರಲ್ಲಿ ಯಾವುದು ಸೆಂಟರ್‌ನಲ್ಲಿ ಸಿಗುತ್ತದೆ ಅಂತ ಕೇಳಿ. ಐದರಲ್ಲಿ ಎರಡು ಅಲ್ಲಿ ಸಿಕ್ಕರೂ ಅಷ್ಟು ಉಳಿಯಿತು. ದಾಸ್ತಾನು ಯಾವಾಗಲೂ ಇರುತ್ತದೆ ಅಂತ ಮಾತ್ರ ನಂಬಿ ಕೂರಬೇಡಿ. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ವಿಚಾರಿಸಿ.

ಸೊರಬ, ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆ ಕಾಡಿನ ಅಂಚಿನಲ್ಲಿ ಇರುವವರಿಗೆ ಇನ್ನೊಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮೊದಲು ಗೊತ್ತಾದ ಮಂಗನ ಕಾಯಿಲೆಯ ಕಾಟ ಬೇಸಿಗೆ ಬಂದರೆ ನಮಗೆ ಇದ್ದದ್ದೇ. ಈ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆಯನ್ನು ಆರೋಗ್ಯ ಇಲಾಖೆಯವರು ಕಾಯಿಲೆ ಇರುವ ಊರುಗಳಲ್ಲಿ ಪುಕ್ಕಟೆ ಹಂಚುತ್ತಾರೆ. ಸೌದೆಗೆ, ದರಗಿಗೆ, ತೋಟಕ್ಕೆ ಹೋಗುವ ಮೊದಲು ಅದನ್ನೇ ಕೇಳಿ ಪಡೆಯಿರಿ.

ಹೆಜ್ಜೆ 3: ಜನೌಷಧಿ ಕೇಂದ್ರದಲ್ಲಿ ರೇಟು ನೋಡಿ

ಹೆಚ್ಚಿನ ಮನೆಗಳಿಗೆ ದೊಡ್ಡ ಉಳಿತಾಯ ಇಲ್ಲೇ. ಜನೌಷಧಿ ಅಂದರೆ ಬ್ರ್ಯಾಂಡ್ ಹೆಸರಿಲ್ಲದ ಮಾತ್ರೆಗಳನ್ನು ಕಡಿಮೆ ಬೆಲೆಗೆ ಮಾರುವ, 2008ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆ. 2025ರ ಜನವರಿ ಹೊತ್ತಿಗೆ ದೇಶದಲ್ಲಿ 15,000 ಕೇಂದ್ರಗಳಾಗಿದ್ದವು. ಬ್ರ್ಯಾಂಡ್ ಮಾತ್ರೆಗಳಿಗಿಂತ ಶೇ 50ರಿಂದ 90ರವರೆಗೆ ಕಡಿಮೆ ರೇಟು ಇರುತ್ತದೆ ಅನ್ನುವುದು ಯೋಜನೆಯ ಲೆಕ್ಕ. ‘ಇಷ್ಟು ಕಡಿಮೆಗೆ ಕೊಟ್ಟರೆ ಒಳಗೇನಿರುತ್ತದೋ’ ಎಂಬ ಅನುಮಾನ ಸಹಜ. ಪ್ರತಿ ಬ್ಯಾಚನ್ನೂ ಮಾನ್ಯತೆ ಇರುವ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದ ಮೇಲೆಯೇ ಅಂಗಡಿಗೆ ಕಳಿಸುವ ಪದ್ಧತಿ ಇದೆ. ಜಾಹೀರಾತು, ಮೆಡಿಕಲ್ ರೆಪ್‌ಗಳ ಓಡಾಟ, ದೊಡ್ಡ ಬ್ರ್ಯಾಂಡಿನ ಹೆಸರು, ಈ ಖರ್ಚುಗಳಿಲ್ಲದ್ದರಿಂದ ರೇಟು ಇಳಿಯುತ್ತದೆ.

ಹೋಗುವ ಮೊದಲು ‘ಜನೌಷಧಿ ಸುಗಮ್’ ಆ್ಯಪ್ ಹಾಕಿಕೊಳ್ಳಿ. ಸಾಲ್ಟ್ ಹೆಸರು ಹಾಕಿದರೆ ರೇಟು ತೋರಿಸುತ್ತದೆ, ಹತ್ತಿರದ ಕೇಂದ್ರ ಎಲ್ಲಿದೆ ಅಂತಲೂ ಹೇಳುತ್ತದೆ. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಕೇಂದ್ರಗಳನ್ನು ಮುಚ್ಚಬೇಕೆಂದು ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ತೀರ್ಮಾನ ಮಾಡಿ, ವಿಷಯ ಹೈಕೋರ್ಟ್‌ವರೆಗೂ ಹೋಗಿತ್ತು. ಹಾಗಾಗಿ ಹಳೆ ನೆನಪಿನ ಮೇಲೆ ಹೊರಡುವ ಬದಲು ಆ್ಯಪ್‌ನಲ್ಲಿ ನೋಡಿ, ಫೋನ್ ಮಾಡಿ, ಮಾತ್ರೆ ಇದೆ ಅಂತ ಖಾತ್ರಿ ಮಾಡಿಕೊಂಡು ಹೋಗಿ. ಹೊಸನಗರದಿಂದ ಬಸ್ ಹತ್ತಿ ಬಂದು ‘ಸ್ಟಾಕ್ ಇಲ್ಲ’ ಅನ್ನಿಸಿಕೊಂಡು ವಾಪಸ್ ಹೋಗುವ ಕಷ್ಟ ಬೇಡ. ಅಲ್ಲೇ ಇರುವಾಗ ಇನ್ನೊಂದು ನೋಡಿ: ‘ಸುವಿಧಾ’ ಸ್ಯಾನಿಟರಿ ಪ್ಯಾಡ್ ಒಂದಕ್ಕೆ ಒಂದೇ ರೂಪಾಯಿ.

ಬದಲಾಯಿಸುವ ಮೊದಲು ಡಾಕ್ಟರ ಹತ್ತಿರ ಒಂದು ಮಾತು ಕೇಳಲೇಬೇಕು. ‘ಡಾಕ್ಟ್ರೇ, ಇದನ್ನೇ ಜನೌಷಧಿಯಲ್ಲಿ ತಗೊಂಡ್ರೆ ಆಗ್ತದಾ?’ ಅಂದರೆ ಸಾಕು. ಮುಂದಿನ ಸಲ ಚೀಟಿಯಲ್ಲಿ ಸಾಲ್ಟ್ ಹೆಸರನ್ನೇ ಬರೆದುಕೊಡಿ ಅಂತ ಕೇಳುವುದೂ ತಪ್ಪಲ್ಲ. ಬಿಪಿ, ಕೊಲೆಸ್ಟ್ರಾಲ್ ಮಾತ್ರೆಗಳಿಗೆ ಹೆಚ್ಚಿನ ಡಾಕ್ಟರುಗಳು ಬೇಡ ಅನ್ನುವುದಿಲ್ಲ. ಥೈರಾಯ್ಡ್, ಫಿಟ್ಸ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಇವು ಮಾತ್ರ ಬೇರೆ ಜಾತಿ. ಪ್ರಮಾಣ ಚೂರು ಆಚೀಚೆ ಆದರೂ ದೇಹಕ್ಕೆ ಗೊತ್ತಾಗುವ ಔಷಧಿಗಳು. ನಾಲ್ಕು ಕಾಸು ಉಳಿಸಲು ಇವುಗಳ ಕಂಪನಿಯನ್ನು ತಿಂಗಳಿಗೊಂದರಂತೆ ಬದಲಾಯಿಸಬಾರದು.

ಹೆಜ್ಜೆ 4: ಪರಿಚಯದ ಮೆಡಿಕಲ್‌ನವರ ಜೊತೆ ಮಾತಾಡಿ

ನಮ್ಮೂರಿನ ಅಂಗಡಿಗಳಲ್ಲಿ ಬಾಯಿ ಬಿಟ್ಟು ಕೇಳಿದವರಿಗೇ ಲಾಭ. ‘ಅಣ್ಣಾ, ತಿಂಗಳು ತಿಂಗಳೂ ಇಲ್ಲೇ ತಗೊಳ್ತೀವಿ, ಎಷ್ಟು ಬಿಡ್ತೀರಿ?’ ಅಂತ ಕೇಳಿ. ಅವರಿಗೂ ಕಾಯಂ ಗಿರಾಕಿ ಬೇಕು. ‘ಇದೇ ಸಾಲ್ಟ್‌ನಲ್ಲಿ ಕಡಿಮೆ ರೇಟಿನದು ಯಾವುದಿದೆ?’ ಅಂತಲೂ ಕೇಳಿ, ಹೆಸರು ಬರೆದುಕೊಂಡು ಡಾಕ್ಟರಿಗೆ ತೋರಿಸಿ. ಚೀಟಿಯಲ್ಲಿರುವ ಬ್ರ್ಯಾಂಡ್ ಬಿಟ್ಟು ಬೇರೆ ಕೊಡಲು ಮೆಡಿಕಲ್‌ನವರು ಹಿಂಜರಿದರೆ ಬೇಸರ ಮಾಡಿಕೊಳ್ಳಬೇಡಿ. ಷೆಡ್ಯೂಲ್ ಎಚ್ ಔಷಧಿಗಳನ್ನು, ಅಂದರೆ ಡಾಕ್ಟರ ಚೀಟಿ ಇದ್ದರಷ್ಟೇ ಮಾರಬಹುದಾದವನ್ನು, ಅಂಗಡಿಯವರು ತಾವಾಗಿ ಬದಲಾಯಿಸುವಂತಿಲ್ಲ ಅನ್ನುವುದು ಔಷಧ ನಿಯಮ. ಅದಕ್ಕೇ ಚೀಟಿಯಲ್ಲೇ ಸಾಲ್ಟ್ ಹೆಸರಿದ್ದರೆ ಎಲ್ಲರಿಗೂ ಸುಲಭ.

ಬಿಲ್ ಕೇಳಿ ಪಡೆಯಿರಿ, ಅದರಲ್ಲಿ ಹಾಕಿದ ತೆರಿಗೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಔಷಧಿಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಗ್ಲುಕೋಮೀಟರ್ ಮತ್ತು ಅದರ ಸ್ಟ್ರಿಪ್‌ಗಳಿಗೂ ಈಗ ಶೇ 5. ಕ್ಯಾನ್ಸರ್ ಮತ್ತು ಅಪರೂಪದ ಕಾಯಿಲೆಗಳ ಕೆಲವು ಔಷಧಿಗಳಿಗೆ ತೆರಿಗೆಯೇ ಇಲ್ಲ. ಕೆಲವು ಔಷಧಿಗಳಿಗೆ ಸರ್ಕಾರವೇ ಗರಿಷ್ಠ ಬೆಲೆ ಕಟ್ಟಿರುತ್ತದೆ. ಅದನ್ನು ‘ಫಾರ್ಮಾ ಸಹಿ ದಾಮ್’ ಎಂಬ ಸರ್ಕಾರಿ ಆ್ಯಪ್‌ನಲ್ಲಿ ನೋಡಬಹುದು.

ಸಣ್ಣ ಅಂಗಡಿಯಿಂದ ಇನ್ನೊಂದು ಅನುಕೂಲ ಇದೆ. ಬಿಲ್ ಇಟ್ಟಿದ್ದರೆ, ಒಡೆಯದ ಸ್ಟ್ರಿಪ್ ಉಳಿದರೆ ಪರಿಚಯದವರು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುತ್ತಾರೆ. ಡಾಕ್ಟರು ಮಾತ್ರೆ ಬದಲಾಯಿಸಿದಾಗ ಇದರ ಬೆಲೆ ಗೊತ್ತಾಗುತ್ತದೆ. ಫ್ರಿಜ್‌ನಲ್ಲಿಡುವ ಇನ್ಸುಲಿನ್‌ನಂಥವು ಮಾತ್ರ ವಾಪಸ್ ಹೋಗುವುದಿಲ್ಲ, ಹಾಗಾಗಿ ಅವನ್ನು ಬೇಕಾದಷ್ಟೇ ತನ್ನಿ. ಸ್ಟ್ರಿಪ್ ಕತ್ತರಿಸಿ ಬಿಡಿ ಮಾತ್ರೆ ಕೊಟ್ಟರೆ ಎಕ್ಸ್‌ಪೈರಿ ತಾರೀಕು ಇರುವ ತುದಿಯೇ ನಿಮಗೆ ಬರಲಿ.

ಹೆಜ್ಜೆ 5: ಚೈನ್ ಅಂಗಡಿಯ ಪಾಯಿಂಟ್ಸ್

ಮಗಳು ಅಮೆರಿಕದಲ್ಲಿದ್ದರೆ ಅಲ್ಲಿನ ಕೂಪನ್ ವಿಡಿಯೋಗಳು ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಅಲ್ಲಿನ ಸಿವಿಎಸ್, ವಾಲ್‌ಗ್ರೀನ್ಸ್ ಅಂಗಡಿಗಳಲ್ಲಿ ಕಂಪನಿ ಕೊಡುವ ಕೂಪನ್, ಅಂಗಡಿ ಕೊಡುವ ಕೂಪನ್, ಮುಂದಿನ ಖರೀದಿಗೆ ಬರುವ ‘ಎಕ್ಸ್‌ಟ್ರಾಬಕ್ಸ್’ ಥರದ ಬಹುಮಾನ ಎಲ್ಲ ಒಂದರ ಮೇಲೊಂದು ಸೇರಿಸಿ ಶಾಂಪೂ, ಟೂತ್‌ಪೇಸ್ಟ್‌ಗಳನ್ನು ಪುಡಿಗಾಸಿಗೆ ತರುವವರಿದ್ದಾರೆ. ಆ ಆಟ ಇಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಕಂಪನಿ ಕೂಪನ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಜೊತೆಗೆ ಎರಡು ಆಫರ್ ಒಟ್ಟಿಗೆ ಕೊಡುವವರೂ ಕಡಿಮೆ.

ಇಲ್ಲಿರುವುದು ಪಾಯಿಂಟ್ಸ್. ಅಪೋಲೊದಲ್ಲಿ ‘ಹೆಲ್ತ್ ಕ್ರೆಡಿಟ್’, ಟಾಟಾ 1ಎಂಜಿಯಲ್ಲಿ ‘ನ್ಯೂಕಾಯಿನ್’. ಎರಡರಲ್ಲೂ ಒಂದಕ್ಕೆ ಒಂದು ರೂಪಾಯಿ ಲೆಕ್ಕ. ಶರತ್ತು ಆಗಾಗ ಬದಲಾಗುವುದರಿಂದ ಕೌಂಟರ್‌ನಲ್ಲೇ ಮೂರು ವಿಷಯ ಕೇಳಿ. ಪಾಯಿಂಟ್ ಎಷ್ಟು ದಿನಕ್ಕೆ ಸಾಯುತ್ತದೆ? ಒಂದು ಬಿಲ್‌ನಲ್ಲಿ ಎಷ್ಟು ಬಳಸಬಹುದು? ಔಷಧಿಗೂ ಆಗುತ್ತದಾ, ಅಥವಾ ಸೋಪು, ಕ್ರೀಮ್‌ಗೆ ಮಾತ್ರವಾ? ಉದಾಹರಣೆಗೆ 1,000 ರೂಪಾಯಿ ಬಿಲ್‌ಗೆ 50 ಪಾಯಿಂಟ್ ಬಂತು, ಮುಂದಿನ ಬಿಲ್‌ನ ಶೇ 10ರಷ್ಟಕ್ಕೆ ಮಾತ್ರ ಬಳಸಬಹುದು ಅಂದರೆ, ಆ 50 ಕೈಗೆ ಬರಲು 500 ರೂಪಾಯಿ ಖರೀದಿ ಮಾಡಲೇಬೇಕು. ಹೇಗೂ ಮಾತ್ರೆ ತರುವವರಿಗೆ ಅದು ಲಾಭ. ಪಾಯಿಂಟ್ ಸಾಯುತ್ತದೆ ಅಂತ ಬೇಡದ ಪ್ರೋಟೀನ್ ಪುಡಿ ತಂದರೆ ಅಂಗಡಿಗೆ ಲಾಭ.

ದುಡ್ಡು ಕೊಟ್ಟು ಸೇರುವ ಮೆಂಬರ್‌ಶಿಪ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ವರ್ಷದ ಶುಲ್ಕವನ್ನು 12ರಿಂದ ಭಾಗಿಸಿ. ತಿಂಗಳಿಗೆ ಹೆಚ್ಚುವರಿಯಾಗಿ ಉಳಿಯುವುದು ಅದಕ್ಕಿಂತ ಜಾಸ್ತಿ ಇದ್ದರೆ ಸೇರಿ, ಇಲ್ಲದಿದ್ದರೆ ಸುಮ್ನೆ ಬಿಡಿ.

ಚೈನ್ ಅಂಗಡಿಗಳ ಸ್ವಂತ ಬ್ರ್ಯಾಂಡನ್ನು ಮಾತ್ರ ಅಸಡ್ಡೆ ಮಾಡಬೇಡಿ. ಮೆಡ್‌ಪ್ಲಸ್ 2023ರಿಂದ ತನ್ನದೇ ಹೆಸರಿನ ಮಾತ್ರೆಗಳನ್ನು ಬಹಳ ಕಡಿಮೆ ಬೆಲೆಗೆ ಮಾರುತ್ತಿದೆ. ಹತ್ತಿ, ಬ್ಯಾಂಡೇಜ್, ಹ್ಯಾಂಡ್‌ವಾಷ್‌ನಂಥವುಗಳಲ್ಲೂ ಅಂಗಡಿಯ ಸ್ವಂತ ಹೆಸರಿನದು ಸಾಮಾನ್ಯವಾಗಿ ಅಗ್ಗ.

ಶಾಂಪೂ, ಪೇಸ್ಟ್‌ಗಳಿಗೆ ‘ಒಂದು ಕೊಂಡರೆ ಒಂದು’ ಆಫರ್ ಕಂಡರೆ ಪ್ಯಾಕೆಟ್ ಮೇಲಿನ ‘ಯುನಿಟ್ ಸೇಲ್ ಪ್ರೈಸ್’ ಓದಿ. ಒಂದು ಗ್ರಾಂಗೆ ಅಥವಾ ಒಂದು ಎಂಎಲ್‌ಗೆ ಎಷ್ಟು ಅಂತ ಅಲ್ಲಿರುತ್ತದೆ. ದೊಡ್ಡ ಬಾಟಲಿಗಿಂತ ಒಂದೆರಡು ರೂಪಾಯಿಯ ಸ್ಯಾಶೆಯೇ ಅಗ್ಗ ಬೀಳುವುದೂ ಉಂಟು. ಎಕ್ಸ್‌ಪೈರಿ ಹತ್ತಿರ ಬಂದ ಮಾಲಿಗೇ ಆಫರ್ ಜೋರಿರುತ್ತದೆ, ತಾರೀಕು ನೋಡಿಕೊಳ್ಳಿ.

ಹೆಜ್ಜೆ 6: ಆ್ಯಪ್ ಕೂಪನ್

ಕೂಪನ್ ಹೆಸರಿನ ಕೆಳಗಿನ ಸಣ್ಣ ಅಕ್ಷರದಲ್ಲೇ ಎಲ್ಲ ಇರುವುದು. ಒಂದು ಲೆಕ್ಕ ನೋಡಿ. ‘ಶೇ 25 ರಿಯಾಯಿತಿ, ಗರಿಷ್ಠ 100 ರೂ., ಕನಿಷ್ಠ ಖರೀದಿ 999 ರೂ.’ ನೀವು 1,000 ರೂಪಾಯಿ ಮಾತ್ರೆ ತರಿಸಿದಿರಿ. ಶೇ 25 ಅಂದರೆ 250 ಆಗಬೇಕಿತ್ತು, ಸಿಕ್ಕಿದ್ದು 100. ಡೆಲಿವರಿ, ಪ್ಯಾಕಿಂಗ್, ಪ್ಲಾಟ್‌ಫಾರ್ಮ್ ಶುಲ್ಕ ಅಂತ 70 ಹೋಯಿತು ಅಂತಿಟ್ಟುಕೊಳ್ಳಿ. ಉಳಿದದ್ದು 30 ರೂಪಾಯಿ, ಅಂದರೆ ಶೇ 3. ಬೀದಿ ಕೊನೆಯ ಮೆಡಿಕಲ್‌ನವರು ಶೇ 10 ಬಿಟ್ಟಿದ್ದರೆ 100 ಉಳಿಯುತ್ತಿತ್ತು. ಅಡಿಕೆ ಮಂಡಿಯಲ್ಲಿ ರೇಟು ಎಷ್ಟೇ ಕೂಗಲಿ, ಖರ್ಚೆಲ್ಲ ಕಳೆದು ಕೈಗೆ ಬಂದದ್ದೇ ನಮ್ಮ ದುಡ್ಡು. ಆ್ಯಪ್ ಕೂಪನ್ ಕೂಡ ಹಾಗೆಯೇ, ಕೊನೆಯ ಸಾಲಿನ ಮೊತ್ತವನ್ನು ಮಾತ್ರೆಗಳ ಸಂಖ್ಯೆಯಿಂದ ಭಾಗಿಸಿ ನಿಮ್ಮ ನೋಟ್‌ಬುಕ್‌ನ ರೇಟಿಗೆ ಹೋಲಿಸಿ.

ಮೊದಲ ಆರ್ಡರ್‌ಗೆ ಎಲ್ಲ ಆ್ಯಪ್‌ಗಳೂ ಧಾರಾಳ. ಅದನ್ನು ದುಬಾರಿ ತಿಂಗಳಿಗೆ ಇಟ್ಟುಕೊಳ್ಳಿ, ಗ್ಲುಕೋಮೀಟರ್ ಸ್ಟ್ರಿಪ್‌ನಂಥ ದೊಡ್ಡ ಖರ್ಚಿದ್ದಾಗ ಬಳಸಿ. ಯುಪಿಐ, ಬ್ಯಾಂಕ್ ಕಾರ್ಡ್‌ಗಳ ಆಫರ್ ಬೇರೆ ಇರುತ್ತವೆ. ಕೂಪನ್ ಜೊತೆ ಅದೂ ಸೇರುತ್ತದಾ ಅಂತ ದುಡ್ಡು ಕಟ್ಟುವ ಪುಟದಲ್ಲಿ ಗೊತ್ತಾಗುತ್ತದೆ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುವ ಔಷಧಿಗೆ ಡಾಕ್ಟರ ಚೀಟಿ ಬೇಕೇ ಬೇಕು. ಚೀಟಿ ಕೇಳದೆ ಕಳಿಸುವ ಆ್ಯಪ್ ಇದ್ದರೆ ದೂರ ಇರಿ.

ಮಲೆನಾಡಿನಲ್ಲಿ ಇದಕ್ಕೆ ಬೇರೆಯದೇ ತಾಪತ್ರಯ. ಮನೆಯೊಳಗೆ ನೆಟ್‌ವರ್ಕ್ ಇಲ್ಲ, ಗುಡ್ಡ ಹತ್ತಿದರೆ ಓಟಿಪಿ ಬರುತ್ತದೆ, ಇಳಿದು ಬರುವಷ್ಟರಲ್ಲಿ ಅದು ಸತ್ತಿರುತ್ತದೆ! ಆರ್ಡರನ್ನು ಬೆಂಗಳೂರಿನ ಮಗನೋ ಮಗಳೋ ಹಾಕಲಿ, ವಿಳಾಸ ಪೇಟೆಯ ಪರಿಚಯದ ಅಂಗಡಿಯದ್ದಿರಲಿ. ಆಗುಂಬೆ, ಹೊಸನಗರ ತಾಲ್ಲೂಕಿನ ನಗರ ಕಡೆಯ ಹಳ್ಳಿಗಳಿಗೆ ಕೊರಿಯರ್ ಯಾವತ್ತು ಬರುತ್ತದೆ ಅಂತ ನೆಚ್ಚುವ ಹಾಗಿಲ್ಲ. ತಣ್ಣಗಿಡಬೇಕಾದ ಇನ್ಸುಲಿನ್ ಅಂತೂ ಆನ್‌ಲೈನ್‌ನಲ್ಲಿ ತರಿಸಲೇಬೇಡಿ.

ಬಸ್ ಚಾರ್ಜನ್ನೂ ಲೆಕ್ಕಕ್ಕೆ ಹಿಡಿಯಿರಿ

60 ರೂಪಾಯಿ ಉಳಿಸಲು 150 ರೂಪಾಯಿ ಬಸ್ಸಿಗೆ ಹಾಕಬಾರದು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಟಿಕೆಟ್ ಇಲ್ಲ. ನಮ್ಮ ಕಡೆ ಓಡುವುದೋ ಬಹುಪಾಲು ಖಾಸಗಿ ಬಸ್ಸು, ಅವಕ್ಕೆ ಶಕ್ತಿ ಇಲ್ಲ. ಆದ್ದರಿಂದ ಮಂಡಿಗೋ ಮದುವೆಗೋ ಬ್ಯಾಂಕಿಗೋ ಶಿವಮೊಗ್ಗಕ್ಕೆ ಬರುವ ದಿನವೇ ಮಾತ್ರೆಯನ್ನೂ ತನ್ನಿ. ಅಕ್ಕಪಕ್ಕದ ಎರಡು ಮನೆಯವರು ಚೀಟಿ ಕೊಟ್ಟು ಒಬ್ಬರ ಕೈಯಲ್ಲೇ ತರಿಸಿದರೆ ಇನ್ನೂ ಒಳ್ಳೆಯದು.

ಮಳೆಗಾಲಕ್ಕೆ ಮೊದಲು ದಾಸ್ತಾನು ಮಾಡುವುದು ನಮ್ಮ ಕಡೆಯ ಅಭ್ಯಾಸ. ಡೋಸ್ ಬದಲಾಗದೆ ನಡೆಯುತ್ತಿರುವ ಮಾತ್ರೆಗಳನ್ನು ಎರಡು ತಿಂಗಳಿಗೆ ತರುವುದರಲ್ಲಿ ತೊಂದರೆ ಇಲ್ಲ. ಹೊಸದಾಗಿ ಶುರುವಾದದ್ದನ್ನು ಹಾಗೆ ತರಬೇಡಿ, ಮುಂದಿನ ಭೇಟಿಯಲ್ಲಿ ಡಾಕ್ಟರು ಬದಲಾಯಿಸಬಹುದು. ಜುಲೈ ತಿಂಗಳ ಥಂಡಿಯಲ್ಲಿ ಬಾಗಿಲು ಕಿಟಕಿಗಳೇ ಉಬ್ಬುವಾಗ ಮಾತ್ರೆಗೂ ತೇವ ಹಿಡಿಯುತ್ತದೆ. ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ. ಸ್ಟ್ರಿಪ್ ಸಮೇತ ಗಾಳಿಯಾಡದ ಡಬ್ಬಿಯಲ್ಲಿಡಿ. ಅಡುಗೆಮನೆಯ ಒಲೆ ಮೇಲಿನ ಅಟ್ಟ ಬೇಡ.

ಬಿಲ್‌ಗಳನ್ನು ಎಸೆಯಬೇಡಿ

ಪಾಯಿಂಟ್ಸ್‌ಗಾಗಿ ಎಲ್ಲ ಅಂಗಡಿಗೂ ಮೊಬೈಲ್ ನಂಬರ್ ಕೊಡುತ್ತಾ ಹೋದರೆ ನಿಮ್ಮ ಕಾಯಿಲೆಯ ಜಾತಕವೇ ಅವರ ಹತ್ತಿರ ಇರುತ್ತದೆ. ಒಂದೆರಡು ಕಡೆ ಸಾಕು. ಉಳಿದ ಕಡೆ ನಂಬರ್ ಬೇಡ ಅಂದರೂ ಬಿಲ್ ಕೊಡಲೇಬೇಕು.

ಮಕ್ಕಳು ಸಂಬಳದ ಕೆಲಸದಲ್ಲಿದ್ದು ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ಈ ಬಿಲ್‌ಗಳಿಗೆ ಬೆಲೆ ಇದೆ. 60 ದಾಟಿದ ಅಪ್ಪ ಅಮ್ಮನಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ, ಅವರ ಚಿಕಿತ್ಸೆಗೆ ಮಕ್ಕಳು ಕೊಟ್ಟ ಖರ್ಚಿನಲ್ಲಿ ವರ್ಷಕ್ಕೆ 50,000 ರೂಪಾಯಿವರೆಗೆ ಆದಾಯ ತೆರಿಗೆ ವಿನಾಯಿತಿಯಲ್ಲಿ (1961ರ ಕಾಯ್ದೆಯಲ್ಲಿ ಇದು 80ಡಿ) ತೋರಿಸಬಹುದು. ನಗದು ಕೊಟ್ಟಿದ್ದರೆ ಆಗುವುದಿಲ್ಲ. ಯುಪಿಐ ಅಥವಾ ಕಾರ್ಡ್‌ನಲ್ಲಿ, ಮಗನ ಅಥವಾ ಮಗಳ ಖಾತೆಯಿಂದಲೇ ದುಡ್ಡು ಹೋಗಿರಬೇಕು. ಬಿಲ್ ಮೇಲೆ ಅಪ್ಪನ ಅಥವಾ ಅಮ್ಮನ ಹೆಸರು ಬರೆಸಿ, ಡಾಕ್ಟರ ಚೀಟಿಯ ಜೊತೆ ಪಿನ್ ಮಾಡಿ ಇಡಿ. ಬಿಲ್ ಮೇಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ತಂದ ದಿನವೇ ಫೋಟೊ ತೆಗೆದು ಮಕ್ಕಳಿಗೆ ಕಳಿಸಿಬಿಡಿ.